ಆರು ಚುಕ್ಕೆ

ಜೊವಿಟಾ ಹಾಕಿಕೊಟ್ಟಳು, ಅಣ್ಣನ ಮಗಳು.
"ಆರ್ಡರ್ ಬುಕ್ಕನ್ನು ಇಲಿ ತಿಂದದ್ದು ಒಳ್ಳೆಯದೇ ಆಯ್ತು ಆಂಟಿ,
ಇನ್ನು ಇದರಲ್ಲೇ ಬರಿ."
ಎಡಕ್ಕೊಂದು ಖಾಲಿ ಚೌಕ, ನಡುವೆ ಹೆಸರು,
ಬಲತುದಿಯಲ್ಲಿ ಆರು ಚುಕ್ಕೆ,
ದಾಳದ ಮೇಲಿನ ಆರರ ಹಾಗೆ.
ಚುಕ್ಕೆಯ ಮೇಲೆ ಬೆರಳು ಒತ್ತಿ ಹಿಡಿದರೆ
ಫೋನು ಸಣ್ಣಗೆ ನಡುಗುತ್ತದೆ,
ಸಾಲು ಎದ್ದು ಬೆರಳಿಗಂಟುತ್ತದೆ.
ಮೇಲಕ್ಕೆಳೆದರೆ ಉಳಿದವರು ಒಬ್ಬೊಬ್ಬರೇ ಸರಿದು
ದಾರಿ ಬಿಡುತ್ತಾರೆ,
ಗೋಣಿಕೊಪ್ಪದ ಬಸ್ಸಿನಲ್ಲಿ ನಾನಿನ್ನೂ ಕಾಣದ ಮರ್ಯಾದೆ.

ಪುಸ್ತಕದಲ್ಲಿ ಹೀಗಿರಲಿಲ್ಲ.
ಬರೆದದ್ದು ಬರೆದಲ್ಲೇ ಕೂತಿರುತ್ತಿತ್ತು.
ಅರ್ಜೆಂಟು ಎಂದವರಿಗೆ ಅಂಚಿನಲ್ಲೊಂದು ಬಾಣ,
ಬಾಣದ ಮೇಲೆ ಬಾಣ,
ಕೊನೆಗೆ ಪುಟವೇ ಮುಳ್ಳುಹಂದಿ.

ಈಗ ಯಾರಿಗೂ ತಿಳಿಯದ ಹಾಗೆ ಹಿಂದುಮುಂದು ಮಾಡುತ್ತೇನೆ.
ಮುಂಗಡ ಕೊಟ್ಟ ದಮಯಂತಿ ಟೀಚರ್ ಎರಡು ಮನೆ ಮೇಲೆ,
ಚೌಕಾಸಿ ಮಾಡಿದ ಬ್ಯಾಂಕಿನವನು ಒಂದು ಮನೆ ಕೆಳಗೆ.
ಉಸ್ಮಾನನ ಮಕ್ಕಳ ಯೂನಿಫಾರ್ಮಿಗೆ
ಸೋಮವಾರ ಶಾಲೆ ಅನ್ನುವುದೇ ಶಿಫಾರಸು.
ನನ್ನದೂ ಒಂದಿದೆ: "ಕಣ್ಣು ತೋರಿಸಿ ಕನ್ನಡಕ."
ಮೇ ತಿಂಗಳಿಂದ ಇಳಿಯುತ್ತಲೇ ಇದೆ,
ಸೂಜಿಗೆ ದಾರ ಪೋಣಿಸುವಾಗ ಮಾತ್ರ
ನೆನಪಾಗಿ ಎರಡು ಮೆಟ್ಟಿಲು ಹತ್ತುತ್ತದೆ.

ಮುಗಿದರೆ ಚೌಕ ಮುಟ್ಟಬೇಕು.
ಟಿಕ್ ಬೀಳುತ್ತದೆ, ಹೆಸರಿನ ಮೇಲೊಂದು ಗೆರೆ,
ಬೂದಿಬಣ್ಣಕ್ಕೆ ತಿರುಗಿ ತಳಕ್ಕೆ ಹೋಗಿ ಕೂರುತ್ತದೆ.
ಮೊದಮೊದಲು ಒಂಥರಾ ಆಗುತ್ತಿತ್ತು,
ಬದುಕಿರುವವರ ಹೆಸರಿಗೆ ಗೆರೆ ಎಳೆಯುವುದು.

ಪುತ್ತರಿಗೆ ಹನ್ನೆರಡು ದಿನವಿತ್ತು.
ಪಟ್ಟಿಯಲ್ಲಿ ಮೂರನೆಯದು ಬೇತ್ರಿಯ ಬೆಳ್ಯಪ್ಪ,
ಕರಿ ಕುಪ್ಯ, ಎದೆ ನಲವತ್ತೆರಡು.
ಒಂಬತ್ತನೆಯದು ರೋಶನ್ ದೇವಯ್ಯ,
ಬಿಳಿ ಕುಪ್ಯ, ಮದುವೆ ಜನವರಿಗೆ, ಅವಸರವಿಲ್ಲ.

ವಿರಾಜಪೇಟೆಗೆ ಕವಿದ ಮಂಜು ಇನ್ನೂ ಬಿಟ್ಟಿರಲಿಲ್ಲ,
ಶಟರ್ ಅರ್ಧ ಎತ್ತಿದ್ದೆ.
ಕುಟ್ಟಪ್ಪ ಬಂದು ಜೀಪಿನಿಂದ ಇಳಿಯದೆ ಕೂತ.
ಆಮೇಲೆ ಇಳಿದ, ಅಣ್ಣನ ಕೋಟು ಹಾಕಿಕೊಂಡಿದ್ದ.
"ರಾತ್ರಿ ಹೋದ.
ಬಿಳಿಯದೊಂದು ಬೇಕು, ಮಧ್ಯಾಹ್ನದೊಳಗೆ.
ಮದುವೆಯದ್ದು ಪೆಟ್ಟಿಗೆಯಲ್ಲಿತ್ತು, ಗೆದ್ದಲು ಹೋಗಿದೆ."
ಅವರಲ್ಲಿ ಗಂಡಸಿಗೆ ಬಿಳಿ ಕುಪ್ಯ ಎರಡೇ ಸಲ.
"ಅಳತೆ ಬೇಕಾ?"
ಇದೆ, ಎಂದೆ.

ಒಂಬತ್ತನೆಯದನ್ನು ಒತ್ತಿ ಹಿಡಿದೆ.
ನಡುಗಿದ್ದು ಫೋನೋ ಬೆರಳೋ.
ಎಳೆದೆ. ಟೀಚರ್ ಸರಿದಳು, ಮಕ್ಕಳು ಸರಿದರು,
ಬ್ಯಾಂಕಿನವನೂ ಮಾತಿಲ್ಲದೆ ಸರಿದ.
ರೋಶನನದಕ್ಕೆ ಹೆಗಲು ಕೂಡಿಸಿ ಆಗಿತ್ತು,
ಪಕ್ಕದ ಹೊಲಿಗೆ ಬಿಚ್ಚಿ
ಒಂದೊಂದು ಇಂಚು ಹೊರಗೆ ಬಿಟ್ಟೆ.
ಹನ್ನೊಂದೂವರೆಗೆ ಇಸ್ತ್ರಿ.
ದುಡ್ಡು ಕೊಡಲು ಕುಟ್ಟಪ್ಪ ಜೇಬಿಗೆ ಕೈ ಹಾಕಿದರೆ
ಸಿಕ್ಕಿದ್ದು ನನ್ನದೇ ಅಕ್ಷರದ ಚೀಟಿ,
ಮುಂಗಡ ಐನೂರು.
ಇಬ್ಬರೂ ಅದನ್ನು ಓದುತ್ತಾ ಸ್ವಲ್ಪ ಹೊತ್ತು ನಿಂತೆವು,
ಉದ್ದದ ಪತ್ರವೇನೋ ಎಂಬಂತೆ.

ಸಂಜೆ ನೋಡಿದರೆ ರೋಶನನಿಗೆ ಟಿಕ್ ಬಿದ್ದಿತ್ತು,
ಕೈಯ ಅಭ್ಯಾಸ.
ಇನ್ನೊಮ್ಮೆ ಮುಟ್ಟಿದೆ. ಗೆರೆ ಮಾಯ,
ಬೂದಿ ಹೋಗಿ ಹೆಸರು ಕಪ್ಪಾಯಿತು,
ಹುಡುಗ ಎದ್ದು ಬಂದು ತನ್ನ ಸಾಲಿನಲ್ಲಿ ನಿಂತ.
ಇಷ್ಟು ಸುಲಭ.

ಮೂರನೆಯದು ಉಳಿಯಿತು.
ಟಿಕ್ ಹಾಕಲು, ಹೊಲಿದಿಲ್ಲ.
ಅಳಿಸಲು, ಬಟ್ಟೆ ಕತ್ತರಿಸಿ ಆಗಿದೆ,
ಬೆನ್ನಿನ ತುಂಡಿನ ಮೇಲೆ ಸೀಮೆಸುಣ್ಣದ ಗೆರೆ ಇನ್ನೂ ಹಾಗೇ.
ಆರು ಚುಕ್ಕೆ ಹಿಡಿದು ಕೆಳಗೆಳೆದೆ.
ಗೆರೆ ಬಿದ್ದವರ ಹೊಸ್ತಿಲವರೆಗೆ ಹೋಗಿ ನಿಂತಿತು,
ಅದಕ್ಕಿಂತ ಕೆಳಗೆ ಫೋನು ಬಿಡುವುದಿಲ್ಲ.

ಇದು ಯಾಕಿನ್ನೂ, ಜೊವಿಟಾ ಕೇಳುತ್ತಾಳೆ.
ಇರಲಿ ಬಿಡು.
ಕುಪ್ಯಕ್ಕೆ ಗುಂಡಿಯಿಲ್ಲ, ಕಾಜಾ ಹೊಡೆಯುವ ಕೆಲಸವೂ ಇಲ್ಲ,
ಮೇಲೆ ಚೇಲೆ ಸುತ್ತಿದರೆ ಆಯಿತು.
ಬೆಳ್ಯಪ್ಪನ ಸಾಲಿಗೆ ಮಾತ್ರ ಒಂದು ಕಾಜಾ ಇದೆ,
ಚೌಕನೆಯದು, ಖಾಲಿ.

ನಿನ್ನೆ ಕನ್ನಡಕ ಒಂದನೇ ನಂಬರಿಗೆ ಬಂತು.